ಕೊಪ್ಪರಿಗೆಯಿಂದ ಎದ್ದು ಬಂದವರು

ಮುಂಬಯಿಯ ಹಳೆಯ ಕನ್ನಡಿಗರ ಹತ್ತಿರ ಕೂತರೆ ರಾತ್ರಿ ಶಾಲೆಯ ಮಾತು ಬರದೇ ಇರೋದಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದ ಕರಾವಳಿಯ ಹುಡುಗರು ಎಷ್ಟೋ ಮಂದಿ. ಅವರು ಇಂಗ್ಲಿಷನ್ನೂ ಅಲ್ಲೇ ಕಲಿತರು. ಅದಕ್ಕಾಗಿ ತಮ್ಮ ಊರನ್ನು ಮರೆಯಬೇಕಾಗಿರಲಿಲ್ಲ. ಮರೆಯಲೇಬೇಕು ಅಂದ ಶಾಲೆಯೂ ಒಂದಿತ್ತು, ಅಮೆರಿಕದಲ್ಲಿ.

1914ರ ಜನವರಿಯಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್, ಎಂಟು ಗಂಟೆಯ ದುಡಿಮೆಗೆ ದಿನಕ್ಕೆ 5 ಡಾಲರ್ ಎಂದು ಸಾರಿದ. ಆಗಿನ ಕಾಲಕ್ಕೆ ಅದು ಸುಮಾರು ಇಮ್ಮಡಿ ಕೂಲಿ. ಆದರೆ ಅದು ಸುಮ್ಮನೆ ಸಿಗುತ್ತಿರಲಿಲ್ಲ. ಕಂಪನಿಯ ಜನ ಕೆಲಸಗಾರರ ಮನೆಗೇ ಬಂದು ಅಡುಗೆಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾನೆಯೇ, ಹಣ ಉಳಿಸುತ್ತಾನೆಯೇ ಅಂತ ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಡೆಟ್ರಾಯಿಟ್ ಬಳಿಯ ಆ ಕಾರ್ಖಾನೆಯಲ್ಲಿ ಬಹುಪಾಲು ಜನ ಪೋಲೆಂಡ್, ರಷ್ಯಾ, ಇಟಲಿ ಕಡೆಯಿಂದ ವಲಸೆ ಬಂದವರು. ಅದೇ ಜನವರಿಯಲ್ಲಿ, ತಮ್ಮ ಹಳೆಯ ಪಂಚಾಂಗದ ಪ್ರಕಾರ ತಡವಾಗಿ ಬರುವ ಕ್ರಿಸ್‌ಮಸ್ಸಿಗೆ ರಜೆ ಹಾಕಿದ ಎಂಟುನೂರಕ್ಕೂ ಹೆಚ್ಚು ಗ್ರೀಕ್, ರಷ್ಯನ್ ಕೆಲಸಗಾರರನ್ನು ಕಂಪನಿ ಮನೆಗೆ ಕಳಿಸಿತು. ಅಮೆರಿಕಕ್ಕೆ ಬಂದ ಮೇಲೆ ಅಮೆರಿಕದ ಹಬ್ಬ ಮಾಡಿ ಅನ್ನೋದು ವಾದ.

ಅದೇ ವರ್ಷ ಫೋರ್ಡ್ ಇಂಗ್ಲಿಷ್ ಶಾಲೆ ಶುರುವಾಯಿತು. ಮೇಷ್ಟ್ರು ಕೂಡ ಕಾರ್ಖಾನೆಯವರೇ. ಭಾಷೆಯ ಜೊತೆಗೆ ಊಟದ ರೀತಿ, ಉಳಿತಾಯ, ಪೌರನ ಕರ್ತವ್ಯ ಎಲ್ಲವೂ ಪಾಠ. ಪಾಸಾದವರಿಗೆ ಒಂದು ಸಮಾರಂಭ. ವೇದಿಕೆಯ ಮೇಲೆ ಹಡಗಿನ ಚಿತ್ರ, ಅದರ ಮುಂದೆ ಆಳೆತ್ತರದ ಕೊಪ್ಪರಿಗೆ. ಕೆಲಸಗಾರರು ತಮ್ಮ ದೇಶದ ಉಡುಪು ತೊಟ್ಟು ಹಡಗಿನಿಂದ ಇಳಿದು ಕೊಪ್ಪರಿಗೆಗೆ ಹೋಗಬೇಕು. ಮೇಷ್ಟ್ರುಗಳು ಉದ್ದನೆಯ ಸೌಟಿನಿಂದ ಕದಡಬೇಕು. ಆಚೆಯಿಂದ ಎದ್ದು ಬರುವಾಗ ಎಲ್ಲರ ಮೈಮೇಲೂ ಕೋಟು, ಕೈಯಲ್ಲಿ ಅಮೆರಿಕದ ಬಾವುಟ! ಎಲ್ಲರನ್ನೂ ಕರಗಿಸಿ ಒಂದು ಮಾಡುವ ಮೂಸೆ ಅನ್ನೋ ಈ ಕಲ್ಪನೆಯನ್ನು ಮನೆಮಾತು ಮಾಡಿದ್ದು 1908ರ ಒಂದು ನಾಟಕ. ಬರೆದವನು ಇಸ್ರೇಲ್ ಜಾಂಗ್ವಿಲ್, ಲಂಡನ್ನಿನವನು.

ಅಮೆರಿಕದ ಮಕ್ಕಳಿಗೆ ತಲೆಮಾರುಗಳ ಕಾಲ ಹೇಳಿಕೊಟ್ಟ ಕಥೆಗಳೂ ಇಂಥವೇ. ಬಾಲಕ ವಾಷಿಂಗ್ಟನ್ ಚೆರ್ರಿ ಮರ ಕಡಿದು ಅಪ್ಪನ ಮುಂದೆ ನಿಜ ಒಪ್ಪಿಕೊಂಡ ಕಥೆ ನಮ್ಮಲ್ಲೂ ಗೊತ್ತು. ಅದು ಪಾದ್ರಿ ವೀಮ್ಸ್ ಬರೆದ ಜೀವನಚರಿತ್ರೆಯ 1806ರ ಆವೃತ್ತಿಯಲ್ಲಿ ಬಂದದ್ದು, ಆಧಾರವಿಲ್ಲ. ಸತ್ಯ ಹೇಳಬೇಕು ಅಂತ ಕಲಿಸಲು ಕಟ್ಟಿದ ಸುಳ್ಳು ಅದು!

ಇನ್ನು ಕಾನೂನು. 1906ರಿಂದ ಪೌರತ್ವ ಬೇಕಾದರೆ ಇಂಗ್ಲಿಷ್ ಮಾತಾಡಬೇಕಿತ್ತು. ಆದರೆ 1790ರ ಕಾಯಿದೆ ಬಾಗಿಲು ತೆರೆದಿದ್ದು ಬಿಳಿಯರಿಗೆ ಮಾತ್ರ. 1870ರಲ್ಲಿ ಆಫ್ರಿಕಾ ಮೂಲದವರು ಸೇರಿದರು. ಭಾರತೀಯರು ಯಾವ ಲೆಕ್ಕದಲ್ಲಿ? ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇವರು ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತು. ಆಗಲೇ ಪೌರತ್ವ ಪಡೆದಿದ್ದ ಹಲವರಿಂದಲೂ ಅದನ್ನು ಕಿತ್ತುಕೊಂಡರು. ಪೇಶಾವರದಿಂದ 1915ರಲ್ಲಿ ಹೆಂಡತಿ ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ವೈಷ್ಣೋ ದಾಸ್ ಬಗಾಯಿ ಅವರಲ್ಲೊಬ್ಬರು. ಇಂಗ್ಲಿಷು ಬರುತ್ತಿತ್ತು, ಕೋಟು ತೊಟ್ಟಿದ್ದರು, ಅಂಗಡಿ ಇಟ್ಟಿದ್ದರು, 1921ರಲ್ಲಿ ಪೌರರಾಗಿದ್ದರು. ಎಲ್ಲ ಹೋಯಿತು. 1928ರಲ್ಲಿ, ಕಾರಣವನ್ನು ಪತ್ರಿಕೆಗೆ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

ಹೊರನಾಡಿಗೆ ಬಂದವನು ಆ ನೆಲದ ಭಾಷೆ ಕಲಿಯಲೇಬೇಕು. ಮರಾಠಿ ಬಾರದಿದ್ದರೆ ಮುಂಬಯಿಯಲ್ಲಿ ನಮಗೇ ನಷ್ಟ. ಬೆಂಗಳೂರಿಗೆ ಬಂದವರಿಗೆ ನೀವು ಕನ್ನಡ ಕಲಿಸಬೇಕು ಅನ್ನೋದೂ ನ್ಯಾಯವೇ. ಕಲಿಸಿ, ಚೆನ್ನಾಗಿ ಕಲಿಸಿ. ಬಂದವರು ತಮ್ಮ ಹಬ್ಬವನ್ನೂ ಮಾಡಿಕೊಳ್ಳಲಿ. ಕನ್ನಡ ಕಲಿತು ಮುಂದೆ ನಿಂತವನನ್ನು ಆಮೇಲೆ ‘ನೀನು ಹೊರಗಿನವ’ ಅನ್ನಬೇಡಿ. ಬಗಾಯಿಯವರಿಗೆ ಆದದ್ದು ಅದೇ.