ಶೋಭರಾಜ್, ಚಾರ್ಲ್ಸ್

ಚಾರ್ಲ್ಸ್ ಶೋಭರಾಜ್ 1944ರಲ್ಲಿ ಸೈಗಾನ್‌ನಲ್ಲಿ ಭಾರತೀಯ ತಂದೆಗೂ ವಿಯೆಟ್ನಾಂ ತಾಯಿಗೂ ಹುಟ್ಟಿದವನು, ಫ್ರಾನ್ಸಿನ ಪ್ರಜೆ. 1970ರ ದಶಕದಲ್ಲಿ ಯುರೋಪಿನಿಂದ ಏಷ್ಯಾಕ್ಕೆ ಬರುತ್ತಿದ್ದ ಹಿಪ್ಪಿ ಪ್ರವಾಸಿಗರ ಸ್ನೇಹ ಗಳಿಸಿ, ಅಮಲು ಬರಿಸಿ ದೋಚುವುದು ಅವನ ಕಸುಬಾಗಿತ್ತು. ಹತ್ತಕ್ಕೂ ಹೆಚ್ಚು ಕೊಲೆಗಳ ಶಂಕೆ ಅವನ ಮೇಲಿದ್ದರೂ, ಕೊಲೆಯೆಂದು ರುಜುವಾತಾಗಿ ಕೊನೆತನಕ ನಿಂತ ಶಿಕ್ಷೆಗಳು ನೇಪಾಳದ ಎರಡು ಪ್ರಕರಣಗಳದ್ದು ಮಾತ್ರ. ಈ ಅಂತರಕ್ಕೆ ಅವನ ಬುದ್ಧಿವಂತಿಕೆಯೇ ಕಾರಣವೆಂದು ಪತ್ರಿಕೆಗಳೂ ಸಿನಿಮಾಗಳೂ ಹೇಳುತ್ತ ಬಂದಿವೆ. ದಾಖಲೆ ಹೇಳುವುದೇ ಬೇರೆ. ಸತ್ತವರ ಪಾಸ್‌ಪೋರ್ಟಿಗೆ ತನ್ನ ಫೋಟೊ ಅಂಟಿಸಿಕೊಂಡು ಅವನು ಗಡಿ ದಾಟುತ್ತಿದ್ದ; ಒಂದು ದೇಶದ ಪೊಲೀಸರಿಗೆ ತಿಳಿದದ್ದು ಪಕ್ಕದ ದೇಶಕ್ಕೆ ತಲುಪುತ್ತಿರಲಿಲ್ಲ. 1976ರಲ್ಲಿ ಬ್ಯಾಂಕಾಕ್ ಪೊಲೀಸರು ಅವನನ್ನು ಕರೆಸಿ ವಿಚಾರಿಸಿ, ಬಿಟ್ಟೂ ಬಿಟ್ಟರು. ಥಾಯ್ಲೆಂಡಿನಲ್ಲಿ ಕೊಲೆಯಾದ ಡಚ್ ಜೋಡಿಯ ಜಾಡು ಹಿಡಿದು ಸಾಕ್ಷ್ಯ ಕೂಡಿಹಾಕಿದವನು ಪೊಲೀಸನಲ್ಲ, ನೆದರ್‌ಲೆಂಡ್ಸ್ ರಾಯಭಾರ ಕಚೇರಿಯ ಕಿರಿಯ ಅಧಿಕಾರಿ ಹರ್ಮನ್ ಕ್ನಿಪ್ಪೆನ್‌ಬರ್ಗ್.

ಜಾಣತನವಿಲ್ಲದೆ ತಿಹಾರ್ ಜೈಲಿನಿಂದ ಪರಾರಿಯಾಗಲು ಸಾಧ್ಯವೇ ಎಂದು ಕೇಳಬಹುದು. 1976ರಲ್ಲಿ ದೆಹಲಿಯಲ್ಲಿ ಫ್ರೆಂಚ್ ವಿದ್ಯಾರ್ಥಿಗಳ ತಂಡಕ್ಕೆ ಅಮಲಿನ ಔಷಧ ತಿನ್ನಿಸಲು ಹೋಗಿ ಸಿಕ್ಕಿಬಿದ್ದ ಅವನು, 1986ರ ಮಾರ್ಚಿನಲ್ಲಿ ಕಾವಲುಗಾರರಿಗೆ ಅಮಲಿನ ಸಿಹಿ ಹಂಚಿ ಹೊರಬಿದ್ದದ್ದು ನಿಜ. ಆದರೆ ಕೆಲವೇ ವಾರಗಳಲ್ಲಿ ಮುಂಬಯಿ ಪೊಲೀಸ್ ಅಧಿಕಾರಿ ಮಧುಕರ್ ಝೆಂಡೆ ಗೋವಾದ ಹೋಟೆಲೊಂದರಲ್ಲಿ ಅವನನ್ನು ಹಿಡಿದರು. ಸಿಕ್ಕಿಬೀಳುವುದೇ ಅವನ ಉದ್ದೇಶವಾಗಿತ್ತು ಎಂಬ ವಿವರಣೆಯೂ ಉಂಟು: ಥಾಯ್ಲೆಂಡಿನಲ್ಲಿ ಮರಣದಂಡನೆಯ ಭಯವಿತ್ತು, ಅಲ್ಲಿ ಕೊಲೆ ಮೊಕದ್ದಮೆಗೆ 20 ವರ್ಷಗಳ ಕಾಲಮಿತಿಯೂ ಇತ್ತು, ಭಾರತದಲ್ಲಿ ಸೆರೆವಾಸ ಉದ್ದವಾದಷ್ಟೂ ಆ ಗಡುವು ಕರಗುತ್ತಿತ್ತು. ಉದ್ದೇಶ ಏನೇ ಇರಲಿ, ಫಲ ಮಾತ್ರ ಹಾಗೆಯೇ ಆಯಿತು. 1997ರಲ್ಲಿ ಬಿಡುಗಡೆಯಾಗುವಾಗ ಗಡುವು ಮುಗಿದಿತ್ತು, ಅವನು ಫ್ರಾನ್ಸಿಗೆ ಹೋದ. ಕಾಲಮಿತಿ ಇರುವುದು ಹಳಸಿದ ಸಾಕ್ಷ್ಯದಿಂದ ನಿರಪರಾಧಿಗೆ ಶಿಕ್ಷೆಯಾಗದಿರಲಿ ಎಂದು, ಅದನ್ನು ದೂರಬಾರದು ಎಂಬ ವಾದದಲ್ಲಿ ಹುರುಳಿದೆ. ಆದರೆ ಆರೋಪಿ ಎಲ್ಲಿದ್ದಾನೆಂದು ಎರಡೂ ಸರಕಾರಗಳಿಗೆ ಗೊತ್ತಿದ್ದೂ ಗಡಿಯಾರ ಓಡುತ್ತಲೇ ಇರಬೇಕೆಂಬುದಕ್ಕೆ ಆ ವಾದ ಆಸರೆಯಾಗದು. ಇಂಟರ್‌ಪೋಲ್ ಇತ್ತಲ್ಲ ಎನ್ನುವುದೂ ಸಾಲದು. ಅದು ಸುದ್ದಿ ಮುಟ್ಟಿಸಬಲ್ಲದು, ಒಪ್ಪಿಸೆಂದು ಯಾವ ಸರಕಾರಕ್ಕೂ ಆಜ್ಞೆ ಮಾಡಲಾರದು.

ನೇಪಾಳದಲ್ಲಿ ಅಂಥ ಗಡುವು ಅವನ ನೆರವಿಗೆ ಬರಲಿಲ್ಲ. 2003ರಲ್ಲಿ ಅವನೇ ಕಠ್ಮಂಡುವಿಗೆ ಹೋಗಿ, ಕ್ಯಾಸಿನೊ ಒಂದರಲ್ಲಿ ಬಂಧಿತನಾದ. ಜಾಣನೆಂಬ ಕೀರ್ತಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ! 1975ರಲ್ಲಿ ಅಮೆರಿಕನ್ ಯುವತಿಯೊಬ್ಬಳನ್ನು ಕೊಂದದ್ದಕ್ಕೆ 2004ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೆನಡಾದ ಪ್ರವಾಸಿಯ ಕೊಲೆಯಲ್ಲಿ 2014ರಲ್ಲಿ ಎರಡನೆಯ ತೀರ್ಪು ಬಂತು. 2022ರ ಡಿಸೆಂಬರಿನಲ್ಲಿ ನೇಪಾಳದ ಸುಪ್ರೀಂ ಕೋರ್ಟು ವಯಸ್ಸಿನ ಕಾರಣಕ್ಕೆ ಬಿಡುಗಡೆಗೆ ಆದೇಶಿಸಿತು, ಅವನನ್ನು ಫ್ರಾನ್ಸಿಗೆ ಕಳಿಸಲಾಯಿತು. ಥಾಯ್ಲೆಂಡಿನ ಕೊಲೆಗಳ ವಿಚಾರಣೆ ಯಾವ ನ್ಯಾಯಾಲಯದಲ್ಲೂ ನಡೆಯಲಿಲ್ಲ.