ಕತ್ತಿಯನ್ನು ಉಳಿಸಿದ ಕಾಗದ: ಜಪಾನಿನ ಕಟಾನಾ ಕಥೆ

ಇವತ್ತಿನ ಕಥೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ.

ನನ್ನ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. 'ಡೀಮನ್ ಸ್ಲೇಯರ್' ಹುಚ್ಚು ಜಾಸ್ತಿ. ಪಾಕೆಟ್ ಮನಿ ಕೂಡಿಟ್ಟು, ಗೋಡೆಗೆ ಹಾಕೋಕೆ ಅಂತ ಆನ್‌ಲೈನಲ್ಲಿ ಒಂದು ಕಟಾನಾ ತರಿಸಿದ್ದ. "ಅಣ್ಣಾ, ಕೈಯಲ್ಲೇ ಮಾಡಿದ್ದು ಅಂತ ಬರೆದಿದ್ದಾರೆ, ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಒರಿಜಿನಲ್ಲೇ ಅಲ್ವಾ?" ಅಂತ ಕೇಳಿದ.

ಹೋಗಿ ನೋಡಿದೆ. ಕಪ್ಪು ಒರೆ, ಕೆಂಪು ದಾರ, ಪಳಪಳ ಹೊಳೆಯೋ ಅಲಗು. ಹಿಡಿ ಮಾತ್ರ ಸ್ವಲ್ಪ ಅಲ್ಲಾಡ್ತಿತ್ತು. ನಾನು ಬಿ.ಕಾಂ. ಓದಿದವನು, ಕತ್ತಿ ಬಗ್ಗೆ ಆಗ ಏನೂ ಗೊತ್ತಿರಲಿಲ್ಲ. ಆದರೆ ಕಾಗದ ಕಂಡರೆ ಮೊದಲು ಅದನ್ನ ಓದೋದು ಅಭ್ಯಾಸ. ಆ ಸರ್ಟಿಫಿಕೇಟಲ್ಲಿ ಮಾಡಿದವರ ಹೆಸರಿಲ್ಲ, ಊರಿಲ್ಲ, ವರ್ಷ ಇಲ್ಲ. ಬರೀ ಒಂದು ಡ್ರ್ಯಾಗನ್ ಚಿತ್ರ.

ಆಮೇಲೆ ಈ ವಿಷಯ ಓದ್ತಾ ಹೋದ ಹಾಗೆ ನನಗೆ ಗೊತ್ತಾಗಿದ್ದೇನು ಅಂದ್ರೆ, ಜಪಾನಿನ ಕತ್ತಿಯ ಇತಿಹಾಸವನ್ನ ಕಾಗದದಿಂದಲೂ ಹೇಳಬಹುದು. ಒಂದು ಕಾಗದ ಅದಕ್ಕೆ ಬೆಲೆ ಕಟ್ಟಿತು, ಇನ್ನೊಂದು ಅದನ್ನ ಸೊಂಟದಿಂದ ಇಳಿಸಿತು, ಮೂರನೆಯದು ಅದನ್ನ ಉಳಿಸಿತು.

ಮೊದಲು ಕತ್ತಿ

ಕಟಾನಾ ಅಂದ್ರೆ ಒಂದೇ ಕಡೆ ಹರಿತ ಇರೋ, ಸ್ವಲ್ಪ ಬಾಗಿದ ಕತ್ತಿ. ಅಲಗಿನ ಉದ್ದ 60 ಸೆಂಟಿಮೀಟರ್‌ಗಿಂತ ಜಾಸ್ತಿ. ಸೊಂಟದ ಪಟ್ಟಿಯಲ್ಲಿ ಹರಿತ ಮೇಲ್ಮುಖವಾಗಿರುವಂತೆ ಸಿಕ್ಕಿಸ್ಕೊಳ್ತಿದ್ದರು.

ಇದಕ್ಕೆ ಬೇಕಾದ ಉಕ್ಕಿನ ಹೆಸರು ತಮಾಹಗಾನೆ. ಕಬ್ಬಿಣದ ಅಂಶ ಇರೋ ಕಪ್ಪು ಮರಳನ್ನ ಇದ್ದಿಲಿನ ಜೊತೆ ಮಣ್ಣಿನ ಕುಲುಮೆಗೆ ಹಾಕ್ತಾರೆ. ಆ ಕುಲುಮೆಗೆ ತತಾರಾ ಅಂತಾರೆ. ಮೂರು ಹಗಲು, ಮೂರು ರಾತ್ರಿ ಬೆಂಕಿ ಆರೋ ಹಾಗಿಲ್ಲ. ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಸುಟ್ಟರೆ ಸಿಗೋ ಗಟ್ಟಿ ಸುಮಾರು ಎರಡೂವರೆ ಟನ್. ಅದರಲ್ಲಿ ಕತ್ತಿಗೆ ಯೋಗ್ಯವಾದ ಉಕ್ಕು ಒಂದು ಟನ್ನೂ ಬರಲ್ಲ. ಉಕ್ಕು ತೆಗೆಯೋಕೆ ಕುಲುಮೆಯನ್ನೇ ಒಡೀಬೇಕು. ಮುಂದಿನ ಸಲ ಮತ್ತೆ ಹೊಸದಾಗಿ ಕಟ್ಟಬೇಕು.

ಆ ಉಕ್ಕನ್ನ ಕಮ್ಮಾರ ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡೀತಾನೆ. ಹತ್ತು ಸಲ ಮಡಚಿದರೆ ಒಂದು ಪದರ 1,024 ಪದರ ಆಗುತ್ತೆ. "ಮಡಚಿದಷ್ಟೂ ಶಕ್ತಿ" ಅಂತ ರೀಲ್ಸ್‌ಗಳಲ್ಲಿ ಹೇಳ್ತಾರಲ್ಲ, ಅಷ್ಟು ಸರಳ ಅಲ್ಲ. ಮಡಚೋದು ಉಕ್ಕಿನ ಕಸ ಹೊರಗೆ ಹೋಗಲಿ, ಕಾರ್ಬನ್ ಎಲ್ಲ ಕಡೆ ಸಮನಾಗಿ ಹರಡಲಿ ಅಂತ.

ಕೊನೆಗೆ ಹದ ಹಾಕೋದು. ಅಲಗಿಗೆ ಜೇಡಿಮಣ್ಣು ಮೆತ್ತುತ್ತಾರೆ, ಬೆನ್ನಿನ ಕಡೆ ದಪ್ಪ, ಬಾಯಿ ಕಡೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ತೆಳು ಮಣ್ಣಿನ ಕಡೆ ಥಟ್ಟನೆ ತಣ್ಣಗಾಗಿ ಗಡಸಾಗುತ್ತೆ. ದಪ್ಪ ಮಣ್ಣಿನ ಕಡೆ ನಿಧಾನಕ್ಕೆ ತಣ್ಣಗಾಗಿ ಮೃದುವಾಗೇ ಉಳಿಯುತ್ತೆ. ಆ ಎಳೆದಾಟದಲ್ಲೇ ಕತ್ತಿಗೆ ಆ ಬಾಗು ಬರೋದು. ಗಡಸು ಮತ್ತು ಮೃದು ಸೇರೋ ಜಾಗದಲ್ಲಿ ಮಂಜಿನಂಥ ಒಂದು ಗೆರೆ ಕಾಣುತ್ತೆ, ಅದೇ ಹಾಮೊನ್. ಅದ್ದಿದ ಕ್ಷಣದಲ್ಲೇ ಅಲಗು ಬಿರುಕು ಬಿಡೋದೂ ಉಂಟು. ಹಾಗಾದರೆ ಅಷ್ಟು ದಿನದ ಕೆಲಸ ನೀರು ಪಾಲು.

ಬೆಲೆ ಕಟ್ಟಿದ ಕಾಗದ

ಓರಿಗಾಮಿ ಅಂದ ಕೂಡಲೇ ನಿಮಗೆ ಕಾಗದದ ಕೊಕ್ಕರೆ ನೆನಪಾಗುತ್ತೆ ಅಲ್ವಾ? ಕತ್ತಿ ವ್ಯಾಪಾರದಲ್ಲಿ ಅದರ ಅರ್ಥ ಬೇರೆ. ಹೊನಾಮಿ ಅಂತ ಒಂದು ಮನೆತನ ಇತ್ತು. ಕತ್ತಿಗೆ ಸಾಣೆ ಹಿಡಿಯೋದು, ಅಸಲಿಯೋ ನಕಲಿಯೋ ಅಂತ ಹೇಳೋದು ಅವರ ಕಸುಬು. ಯಾವ ಕಮ್ಮಾರ ಮಾಡಿದ್ದು, ಎಷ್ಟು ಚಿನ್ನದ ನಾಣ್ಯ ಬೆಲೆ ಬಾಳುತ್ತೆ ಅಂತ ಅವರು ಮಡಚಿದ ಕಾಗದದಲ್ಲಿ ಬರೆದುಕೊಡ್ತಿದ್ದರು. ಆ ಮಡಚಿದ ಕಾಗದವೇ ಓರಿಗಾಮಿ. ಜಪಾನಿ ಭಾಷೆಯಲ್ಲಿ 'ಓರಿಗಾಮಿ ಇರುವಂಥದ್ದು' ಅಂದ್ರೆ ಇವತ್ತಿಗೂ 'ಗ್ಯಾರಂಟಿ ಮಾಲು' ಅಂತಲೇ ಅರ್ಥ.

1719ರ ಹೊತ್ತಿಗೆ ಶೋಗನ್ ತೊಕುಗಾವಾ ಯೋಶಿಮುನೆಗಾಗಿ ಇದೇ ಮನೆತನ ದೇಶದ ಹೆಸರಾಂತ ಕತ್ತಿಗಳ ಪಟ್ಟಿಯನ್ನೇ ಮಾಡಿಕೊಟ್ಟಿತು. ಆಗ ಜಪಾನಿನಲ್ಲಿ ನೂರು ವರ್ಷದಿಂದ ದೊಡ್ಡ ಯುದ್ಧ ಇರಲಿಲ್ಲ. ಕತ್ತಿ ಸಾಮುರಾಯ್‌ಗಳ ಸೊಂಟದಲ್ಲಿತ್ತು, ಆದರೆ ಕೆಲಸ ಇರಲಿಲ್ಲ. ಅದು ಅಂತಸ್ತಿನ ಗುರುತು, ಉಡುಗೊರೆ, ಆಸ್ತಿ ಆಗಿತ್ತು. ಅಂದ್ರೆ 'ಕಲೆಕ್ಟರ್ಸ್ ಐಟಂ' ಅನ್ನೋದು ಇನ್‌ಸ್ಟಾಗ್ರಾಂ ಕಾಲದ ಮಾತಲ್ಲ.

ಇಳಿಸಿದ ಕಾಗದ

1876ರ ಮಾರ್ಚ್ 28. ಹೊಸ ಮೇಜಿ ಸರ್ಕಾರ ಒಂದು ಆದೇಶ ಹೊರಡಿಸಿತು. ಸೈನಿಕರು, ಪೊಲೀಸರು ಮತ್ತು ಸಮಾರಂಭದ ಉಡುಪು ತೊಟ್ಟ ಅಧಿಕಾರಿಗಳನ್ನ ಬಿಟ್ಟು ಬೇರೆ ಯಾರೂ ಕತ್ತಿ ಕಟ್ಟಿಕೊಂಡು ಓಡಾಡೋ ಹಾಗಿಲ್ಲ. 'ಡೀಮನ್ ಸ್ಲೇಯರ್'ನಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರನ್ನ ಕಂಡು ಹುಡುಗರು ಕತ್ತಿ ಬಚ್ಚಿಡ್ತಾರಲ್ಲ, ಅದರ ಹಿಂದಿರೋದು ಇದೇ ನಿಷೇಧ.

ಒಂದು ಕಾಮರ್ಸ್ ಪ್ರಶ್ನೆ: ಡಿಮ್ಯಾಂಡ್ ಒಂದೇ ದಿನದಲ್ಲಿ ಬಿದ್ದುಹೋದರೆ ಕಸುಬುದಾರನ ಗತಿ ಏನು? ಎಷ್ಟೋ ಕಮ್ಮಾರರು ಅಡುಗೆಮನೆ ಚಾಕು, ಹೊಲದ ಸಾಮಾನು ಮಾಡೋಕೆ ಇಳಿದರು. ಹಳೇ ಕತ್ತಿಗಳು ಅಗ್ಗಕ್ಕೆ ವಿದೇಶಿಯರ ಕೈಸೇರಿದವು. ಪಟ್ಟು ಹಿಡಿದು ಕುಲುಮೆ ಬಿಡದೇ ಇದ್ದವರು ಕೆಲವರೇ. ಅವರಲ್ಲಿ ಗಸ್ಸಾನ್ ಸದಕಾಜು ಮತ್ತು ಮಿಯಾಮೊತೊ ಕನೆನೊರಿ ಇಬ್ಬರನ್ನ 1906ರಲ್ಲಿ ಚಕ್ರವರ್ತಿಯ ಮನೆತನದ ಕಲಾವಿದರು ಅಂತ ನೇಮಿಸಿದರು. ಗಮನಿಸಿ, ಕರೆದಿದ್ದು 'ಕಲಾವಿದರು' ಅಂತ.

ಉಳಿಸಿದ ಕಾಗದ

1945. ಜಪಾನ್ ಸೋತಿತು, ಅಮೆರಿಕದ ಸೇನೆ ಬಂದಿಳಿಯಿತು. ಎಲ್ಲ ಆಯುಧಗಳನ್ನ ಒಪ್ಪಿಸಿ ಅಂತ ಆದೇಶ ಆಯಿತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಸೈನ್ಯದ ಕತ್ತಿ, ಆರುನೂರು ವರ್ಷ ಹಳೇ ಮನೆತನದ ಕತ್ತಿ, ಎರಡೂ ಒಂದೇ ರಾಶಿಗೆ. ಕರಗಿಸಿದ್ದೆಷ್ಟೋ, ಸಮುದ್ರಕ್ಕೆ ಹಾಕಿದ್ದೆಷ್ಟೋ, ಸೈನಿಕರು ನೆನಪಿಗೆ ಅಂತ ಮನೆಗೆ ಹೊತ್ತೊಯ್ದಿದ್ದೆಷ್ಟೋ.

ಮಾಸಾಮುನೆ ಅನ್ನೋ ಮಹಾ ಕಮ್ಮಾರ ಮಾಡಿದ 'ಹೊಂಜೊ ಮಾಸಾಮುನೆ' ತೊಕುಗಾವಾ ಮನೆತನದಲ್ಲಿ ತಲೆಮಾರುಗಳಿಂದ ಇತ್ತು. ರಾಷ್ಟ್ರೀಯ ಸಂಪತ್ತು ಅಂತಲೂ ಘೋಷಣೆ ಆಗಿತ್ತು. ಅದನ್ನೂ ಟೋಕಿಯೊದ ಪೊಲೀಸ್ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ಅದು ಇವತ್ತಿನವರೆಗೂ ಪತ್ತೆಯಿಲ್ಲ.

ಆಗ ಹೊಮ್ಮಾ ಜುಂಜಿ ಅನ್ನೋ ಕತ್ತಿ ವಿದ್ವಾಂಸ ಅಮೆರಿಕನ್ ಸೇನೆಯ ಕರ್ನಲ್ ಕ್ಯಾಡ್ವೆಲ್ ಬಳಿ ಹೋದ. "ಇವು ಆಯುಧ ಅಲ್ಲ" ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಹಳೇ ಕತ್ತಿಗಳನ್ನ ಮುಂದಿಟ್ಟು, ಯಾವುದು ಕಲೆ, ಯಾವುದು ಬರೀ ಸೈನ್ಯದ ಮಾಲು ಅಂತ ವ್ಯತ್ಯಾಸ ತೋರಿಸಿದ. ವಾದ ಗೆದ್ದಿತು. ಕಲಾ ಮೌಲ್ಯ ಇರೋ ಕತ್ತಿಗಳನ್ನ ಪರೀಕ್ಷೆ ಮಾಡಿ ಬಿಟ್ಟುಕೊಡೋ ವ್ಯವಸ್ಥೆ ಬಂತು. ಟೋಕಿಯೊದ ಅಕಬಾನೆ ಗೋದಾಮಿನ ರಾಶಿಯಿಂದ ಕೆಲವು ಸಾವಿರ ಕತ್ತಿಗಳು ಹೀಗೆ ಉಳಿದವು. 1948ರಲ್ಲಿ ಜಪಾನಿ ಕಲಾತ್ಮಕ ಕತ್ತಿಗಳ ಸಂರಕ್ಷಣಾ ಸಂಘ ಹುಟ್ಟಿತು. ನಿಂತೇ ಹೋಗಿದ್ದ ತತಾರಾ ಕುಲುಮೆಯನ್ನ ಶಿಮಾನೆ ಪ್ರಾಂತ್ಯದಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದ್ದೂ ಇದೇ ಸಂಘ.

ಇವತ್ತು ಜಪಾನಿನಲ್ಲಿ ಅಸಲಿ ಕತ್ತಿಗೆ ನೋಂದಣಿ ಪತ್ರ ಇರಲೇಬೇಕು. ನಮ್ಮ ಗಾಡಿಗೆ ಆರ್‌ಸಿ ಇದ್ದ ಹಾಗೆ, ಅದು ಕತ್ತಿಯ ಜೊತೆಗೇ ಹೋಗುತ್ತೆ. ಅದನ್ನ ಕೊಡೋದು ಪೊಲೀಸರಲ್ಲ, ಪ್ರಾಂತ್ಯದ ಶಿಕ್ಷಣ ಮಂಡಳಿ! ಯಾಕಂದ್ರೆ ಕಾನೂನಿನ ಕಣ್ಣಲ್ಲಿ ಅದು ಕಲಾಕೃತಿ. ಕಮ್ಮಾರನಾಗಬೇಕಾದರೆ ಪರವಾನಗಿ ಇರೋ ಗುರುವಿನ ಹತ್ತಿರ ಐದು ವರ್ಷ ಕಲೀಬೇಕು. ಆಮೇಲೂ ತಿಂಗಳಿಗೆ ಎರಡೇ ಉದ್ದದ ಕತ್ತಿ, ಅಂದ್ರೆ ವರ್ಷಕ್ಕೆ 24. ಸಪ್ಲೈಗೆ ಹೀಗೆ ಕಡಿವಾಣ ಹಾಕಿದ್ದರಿಂದ ಗುಣಮಟ್ಟ ಉಳಿಯಿತು. ಆದರೆ ಹೊಸ ಹುಡುಗರಿಗೆ ಇದು ಕಷ್ಟದ ದಾರಿಯೂ ಆಯಿತು.

ಹಾಗಾದ್ರೆ ತಮ್ಮನ ಕತ್ತಿ?

ಈಗ ವಿಚಿತ್ರ ನೋಡಿ. ಆನ್‌ಲೈನಲ್ಲಿ ಸಿಗೋ ಬಹಳಷ್ಟು ಕಟಾನಾಗಳು ಜಪಾನಿನವಲ್ಲ. ಚೀನಾದ ಲಾಂಗ್‌ಚುವಾನ್ ಇದರ ದೊಡ್ಡ ಕೇಂದ್ರ, ಅಲ್ಲೂ ಕತ್ತಿ ಕಸುಬಿಗೆ ಶತಮಾನಗಳ ಇತಿಹಾಸ ಇದೆ. ಅಲ್ಲಿನ ಒಳ್ಳೇ ಕಮ್ಮಾರರು ನಿಜವಾಗಲೂ ಕೈಯಲ್ಲೇ ಬಡಿದು ಮಾಡ್ತಾರೆ. ಆದರೆ ಅಂಥ ಹರಿತದ ಉಕ್ಕಿನ ಕಟಾನಾಗೆ ಜಪಾನಿನಲ್ಲಿ ನೋಂದಣಿ ಸಿಗಲ್ಲ, ಮನೇಲಿಟ್ಟುಕೊಂಡರೆ ಕಾನೂನುಬಾಹಿರ. ಜಪಾನಿನಲ್ಲೇ ಮಾರೋ ಅಲಂಕಾರದ ಕತ್ತಿಗಳು ಸಾಮಾನ್ಯವಾಗಿ ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದವು, ಹರಿತ ಇರಲ್ಲ.

ಜಾಹೀರಾತಿನಲ್ಲಿ '1060' ಅಂತಿದ್ದರೆ ಆ ಉಕ್ಕಿನಲ್ಲಿ ಸುಮಾರು ಶೇ. 0.60 ಕಾರ್ಬನ್, '1095' ಅಂದ್ರೆ ಶೇ. 0.95. ಅದು ಉಕ್ಕಿನ ಗ್ರೇಡ್, ವಂಶಾವಳಿ ಅಲ್ಲ. ಹಾಮೊನ್ ಗೆರೆಯನ್ನ ಆಸಿಡ್ ಹಾಕಿಯೋ ಬ್ರಷ್ ಉಜ್ಜಿಯೋ ಬರೆದಿರಬಹುದು. ಅಗ್ಗದ ಕತ್ತಿಗಳಲ್ಲಿ ಹಿಡಿಯೊಳಗೆ ಹೋಗೋ ಉಕ್ಕು ಬರೀ ಸಣ್ಣ ಕಡ್ಡಿ, ಬೀಸಿದರೆ ಅಲಗೇ ಕಿತ್ಕೊಂಡು ಹಾರುತ್ತೆ. ಗೋಡೆ ಮೇಲಿರಲಿ ಸಾಕು. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ, ಬೀದಿಗೆ ತಂದು ರೀಲ್ಸ್ ಮಾಡೋಕೆ ಹೋಗ್ಬೇಡಿ.

ಇದನ್ನೆಲ್ಲ ಹೇಳಿದಾಗ ತಮ್ಮನ ಮುಖ ಬಾಡಿತು. ಆಗ ಅವನಿಗೆ ಹೋತಾರುಮಾರು ಕಥೆ ಹೇಳಿದೆ. ಹೋತಾರು ಅಂದ್ರೆ ಮಿಂಚುಹುಳ. ಯುದ್ಧದಲ್ಲಿ ಮುಕ್ಕಾದ ಈ ಕತ್ತಿಯ ಮೇಲೆ ಮಿಂಚುಹುಳಗಳು ಬಂದು ಕೂತ ಹಾಗೆ ಒಡೆಯನಿಗೆ ಕನಸು ಬಿತ್ತಂತೆ, ಬೆಳಗ್ಗೆ ನೋಡಿದರೆ ಕತ್ತಿ ಸರಿಹೋಗಿತ್ತಂತೆ. ಅಸೊ ದೇವಾಲಯದ ಜೊತೆ ನಂಟಿದ್ದ ಅದು 1945ರ ನಂತರ ಕಾಣೆಯಾಯಿತು. 2015ರಲ್ಲಿ ಹಳೇ ಕತ್ತಿಗಳನ್ನೇ ಪಾತ್ರಗಳನ್ನಾಗಿ ಮಾಡಿದ 'ತೋಕೆನ್ ರಾನ್ಬು' ಅನ್ನೋ ಗೇಮ್ ಬಂತು. ಅದೇ ವರ್ಷ ಈ ಕತ್ತಿಯನ್ನ ಮತ್ತೆ ಮಾಡಿಸೋಕೆ ಕ್ರೌಡ್‌ಫಂಡಿಂಗ್ ಶುರುವಾದಾಗ, ಗೇಮ್ ಆಡೋ ಹುಡುಗ ಹುಡುಗಿಯರೆಲ್ಲ ಸೇರಿ ಗುರಿಗಿಂತ ಎಷ್ಟೋ ಪಟ್ಟು ಹಣ ಕೂಡಿಸಿದರು. ಹೊಸ ಹೋತಾರುಮಾರು 2017ರಲ್ಲಿ ಅಸೊ ದೇವಾಲಯ ಸೇರಿತು.

ಶುರುವಾಗಿದ್ದು ಒಂದು ಗೇಮ್ ಹುಚ್ಚಿನಿಂದ, ಮುಟ್ಟಿದ್ದು ಒಬ್ಬ ಕಮ್ಮಾರನ ಕುಲುಮೆಯನ್ನ. ಹಾಗಾಗಿ ತಮ್ಮನ ಹುಚ್ಚನ್ನ ನಾನು ಬೈಯಲ್ಲ. ಅವನ ಕತ್ತಿ ಈಗಲೂ ಗೋಡೆ ಮೇಲಿದೆ. ಡ್ರ್ಯಾಗನ್ ಕಾರ್ಡ್ ಮಾತ್ರ ತೆಗೆದಿಟ್ಟಿದ್ದಾನೆ. ಮೊನ್ನೆ ಫೋನ್ ಮಾಡಿ ಕೇಳಿದ: "ಅಣ್ಣಾ, ಇದನ್ನ ಮಾಡಿದವರ ಹೆಸರು ಹೇಗಾದ್ರೂ ಗೊತ್ತಾಗುತ್ತಾ?"

ಮೊದಲ ಸಲ ಅವನು ಸರಿಯಾದ ಪ್ರಶ್ನೆ ಕೇಳಿದ್ದ.