ಕವಿಯ ಅನ್ನದ ಋಣ

ಕಾವ್ಯದ ಪ್ರಯೋಜನಗಳನ್ನು ಎಣಿಸಹೊರಟ ಮಮ್ಮಟನು ಯಶಸ್ಸಿನ ಬೆನ್ನಿಗೇ ಧನವನ್ನು ಹೆಸರಿಸಿರುವನು. ಲಾಕ್ಷಣಿಕರು ಮುಚ್ಚುಮರೆಯಿಲ್ಲದೆ ಒಪ್ಪಿದ ಈ ಮಾತನ್ನು ರಸಿಕರು ಮಾತ್ರ ಕೇಳಿಯೂ ಕೇಳದಂತೆ ಇರುವುದು ವಾಡಿಕೆ. ಕವಿಯ ಪ್ರತಿಭೆಯನ್ನು ಕೊಂಡಾಡುವವರು ಬಹುಮಂದಿ. ಅವನ ಒಲೆ ಹೊತ್ತಿದುದು ಹೇಗೆಂದು ವಿಚಾರಿಸುವವರು ವಿರಳ. ಲಕ್ಷ್ಮೀ ಸರಸ್ವತಿಯರು ಒಂದೇ ಮನೆಯಲ್ಲಿ ನಿಲ್ಲರೆಂಬ ಗಾದೆಯನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕನ್ನಡ ಸಾಹಿತ್ಯದ ಸಾವಿರ ವರ್ಷಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ, ಕವಿಯು ಅನ್ನಕ್ಕಾಗಿ ಮೂರು ಬಾಗಿಲುಗಳಲ್ಲಿ ನಿಂತುದು ಕಾಣುವುದು: ಅರಮನೆಯ ಬಾಗಿಲು, ಕಚೇರಿ ಅಥವಾ ಶಾಲೆಯ ಬಾಗಿಲು, ಕೊನೆಗೆ ಓದುಗನ ಮನೆಯ ಬಾಗಿಲು. ಒಂದೊಂದು ಬಾಗಿಲೂ ಕವಿಗೆ ಏನನ್ನೋ ಕೊಟ್ಟಿತು. ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನೋ ಕೇಳಿತು.

ಆದಿಕವಿ ಪಂಪನು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದನು. ಕ್ರಿ.ಶ. ೯೪೧ರಲ್ಲಿ ಆದಿಪುರಾಣವನ್ನು ಮುಗಿಸಿದ ಈ ಕವಿಯು ತನ್ನ ವಿಕ್ರಮಾರ್ಜುನವಿಜಯದಲ್ಲಿ ಒಡೆಯನನ್ನು ಅರ್ಜುನನೊಡನೆ ಒಂದಾಗಿಸಿ ಹಾಡಿದನು. ಅದಕ್ಕೆ ದೊರೆತುದು ಧರ್ಮವುರವೆಂಬ ಅಗ್ರಹಾರ. ಈ ದಾನವು ಕವಿಯ ಅತಿಶಯೋಕ್ತಿಯಲ್ಲವೆಂಬುದಕ್ಕೆ ಅವನ ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದಲ್ಲಿ ಕೊರೆಯಿಸಿದ ಶಾಸನವೇ ಸಾಕ್ಷಿ. ಕಾವ್ಯಕ್ಕೆ ಊರೊಂದು ಬೆಲೆಯಾಯಿತು. ಆ ಬೆಲೆಯ ಗುರುತು ಕಾವ್ಯದ ಒಡಲಲ್ಲಿಯೇ ಉಳಿಯಿತು. ಅರಿಕೇಸರಿಯ ಹೆಸರು ಇಂದಿಗೂ ಜನರ ನೆನಪಿನಲ್ಲಿರುವುದು ಅವನ ಯುದ್ಧಗಳಿಂದಲ್ಲ, ಪಂಪನಿಗೆ ಅನ್ನವಿತ್ತುದರಿಂದ. ಈ ವ್ಯಾಪಾರದಲ್ಲಿ ಲಾಭವಾದುದು ಯಾರಿಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರನ್ನನ ಕಥೆ ಇನ್ನೂ ಮನಮುಟ್ಟುವಂತಹುದು. ಪಂಪನ ಹಿಂದೆ ವಿದ್ಯಾವಂತರ ಮನೆತನವಿದ್ದಿತು. ರನ್ನನಾದರೋ ಇಂದಿನ ಮುಧೋಳವೆನಿಸಿದ ಮುದುವೊಳಲಿನಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದವನು. ಬಳೆಯ ಮಲಾರವನ್ನು ಹೊರಬೇಕಾಗಿದ್ದ ಹೆಗಲು ವಿದ್ಯೆಯನ್ನು ಅರಸಿ ಗಂಗನಾಡಿಗೆ ನಡೆಯಿತು. ಅಲ್ಲಿ ಚಾವುಂಡರಾಯನ ಆಶ್ರಯ, ಅಜಿತಸೇನಾಚಾರ್ಯರ ಶಿಷ್ಯತ್ವ. ಅನಂತರ ತೈಲಪನ ಆಸ್ಥಾನ, ಕವಿಚಕ್ರವರ್ತಿಯೆಂಬ ಬಿರುದು. ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಅವನು ರಚಿಸಿದ ಗದಾಯುದ್ಧವು ಪ್ರಸಿದ್ಧವೇ ಆಗಿದೆ. ಆದರೆ ರನ್ನನು ತನ್ನ ಋಣವನ್ನು ಕಾವ್ಯದಲ್ಲಿ ಮಾತ್ರವೇ ತೀರಿಸಲಿಲ್ಲ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು, ತನಗೆ ಅನ್ನವಿತ್ತವರನ್ನು ದಿನಕ್ಕೆ ಹತ್ತು ಸಲ ಮನೆಯೊಳಗೆ ಕರೆಯುವಂತೆ ಮಾಡಿಕೊಂಡನು.

ಈ ಅತ್ತಿಮಬ್ಬೆಯ ಔದಾರ್ಯದ ರೀತಿ ರಾಜರದಕ್ಕಿಂತ ಬೇರೆ. ಆಕೆಯ ಆಶ್ರಯದಲ್ಲಿ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅದಕ್ಕಿಂತಲೂ ವಿಶೇಷವಾದುದು, ಪೊನ್ನನ ಶಾಂತಿಪುರಾಣವು ನಷ್ಟವಾಗಬಾರದೆಂದು ಆಕೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು. ಓಲೆಯ ಮೇಲೆ ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಕೂಲಿಯೆಂಬುದನ್ನು ಗೃಹಸ್ಥರು ಊಹಿಸಿಕೊಳ್ಳಬಹುದು. ಅರಸನು ಕವಿಯಿಂದ ತನ್ನ ಕೀರ್ತಿಯನ್ನು ಬಯಸಿದನು. ಅತ್ತಿಮಬ್ಬೆಯು ಕಾವ್ಯಕ್ಕೆ ಓದುಗರನ್ನು ಬಯಸಿದಳು. ಈ ಎರಡರ ನಡುವಣ ಅಂತರವು ಸಾಮಾನ್ಯವಾದುದಲ್ಲ.

ಅರಮನೆಯ ಅನ್ನವು ಎಲ್ಲರಿಗೂ ಜೀರ್ಣವಾಗಲಿಲ್ಲ. ಹರಿಹರನು ಹೊಯ್ಸಳರ ದೋರಸಮುದ್ರದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಆ ವೃತ್ತಿಯನ್ನು ತೊರೆದು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲಸಿದನೆಂದು ಪರಂಪರೆ ಹೇಳುವುದು. ಅವನ ಸೋದರಳಿಯನಾದ ರಾಘವಾಂಕನು ಹರಿಶ್ಚಂದ್ರಕಾವ್ಯವನ್ನು ಬರೆದಾಗ, ಇದು ನರಸ್ತುತಿಯೆಂದು ಗುರುವು ಮುನಿದನೆಂಬ ಕಥೆಯೂ ಉಂಟು. ಕಥೆಯ ನಿಜಾನಿಜಗಳು ಹೇಗಾದರೂ ಇರಲಿ, ಅದರ ತಾತ್ಪರ್ಯವು ಸ್ಪಷ್ಟವಾಗಿದೆ: ಅನ್ನವಿತ್ತವನನ್ನು ಹೊಗಳಲೇಬೇಕಾದ ನಾಲಗೆಯು ಸ್ವತಂತ್ರವಾಗಲಾರದೆಂಬ ಶಂಕೆ ಕನ್ನಡನಾಡಿನಲ್ಲಿ ಅಂದೇ ಹುಟ್ಟಿದ್ದಿತು. ಆದರೆ ಹರಿಹರನ ಮಾರ್ಗವು ಸಂನ್ಯಾಸಕ್ಕೆ ಸಮೀಪವಾದುದು. ಮನೆಮಕ್ಕಳಿದ್ದ ಕವಿಗೆ ಅದರಿಂದ ಪರಿಹಾರವು ದೊರೆಯಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆ ಬಂದಿತು, ಆಸ್ಥಾನಗಳು ಬಡವಾದವು. ಆಗ ಕವಿಗೆ ತೆರೆದುದು ಎರಡನೆಯ ಬಾಗಿಲು. ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಮೈಸೂರು ಸಂಸ್ಥಾನದ ಮುನಸೀಫರು. ಮುಂದೆ ಮಾಸ್ತಿಯವರು ಅದೇ ಸಂಸ್ಥಾನದ ಅಧಿಕಾರಿಗಳಾದರು. ಶ್ರೀಕಂಠಯ್ಯನವರೂ ಕುವೆಂಪು ಅವರೂ ಕಾಲೇಜಿನ ಅಧ್ಯಾಪಕರಾದರು. ಸಂಬಳವು ಯಾರನ್ನೂ ಹೊಗಳೆಂದು ಕೇಳದು. ಅದು ಕೇಳುವುದು ಹಗಲನ್ನು. ಮಿಕ್ಕ ರಾತ್ರಿಯಲ್ಲಿ ಸಾಹಿತ್ಯವು ಬೆಳೆಯಬೇಕು.

ದೊಡ್ಡ ಸಂಬಳವಿದ್ದವರಿಗೆ ಇದು ಸಾಧ್ಯವಾಯಿತು. ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ ೧೮೭೦ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನಿಗೆ ಅಂತಹ ಭಾಗ್ಯವಿರಲಿಲ್ಲ. ಉಡುಪಿಯ ಶಾಲೆಯಲ್ಲಿ ಹುಡುಗರಿಗೆ ಅಂಗಸಾಧನೆಯನ್ನು ಕಲಿಸುವುದು ಅವನ ಕಸುಬು. ಮನೆಯಲ್ಲಿ ಅವನು ಮುದ್ದಣ. ಹಳಗನ್ನಡದ ಸೊಬಗನ್ನೂ ಹೊಸ ಬಾಳಿನ ನಗೆಯನ್ನೂ ಬೆರಸಿ ಅವನು ಬರೆದ ಗದ್ಯಕಾವ್ಯವೇ ರಾಮಾಶ್ವಮೇಧ. ಹಳೆಯ ಕಾವ್ಯಗಳನ್ನು ಅಚ್ಚುಹಾಕುತ್ತಿದ್ದ ಮೈಸೂರಿನ ವಿದ್ವಾಂಸರಿಗೆ ಅವನು ಅದನ್ನು ಪ್ರಾಚೀನ ಕವಿಯ ಕೃತಿಯೆಂಬ ಹೆಸರಿನಲ್ಲಿ ಕಳುಹಿದನು. ಬಡ ಉಪಾಧ್ಯಾಯನ ಬರೆಹಕ್ಕೆ ದೊರೆಯದಿದ್ದ ಮನ್ನಣೆಯು ಸತ್ತ ಕವಿಯ ಬರೆಹಕ್ಕೆ ದೊರೆಯಿತು. ಕ್ಷಯರೋಗದಿಂದ ೧೯೦೧ರಲ್ಲಿ ಅವನು ಕಣ್ಣು ಮುಚ್ಚಿದಾಗ ಮೂವತ್ತೊಂದು ವರ್ಷ ವಯಸ್ಸು. ಕಾವ್ಯವು ಅವನದೆಂದು ನಾಡು ನಿಶ್ಚಯಿಸಿದುದು ಅವನ ತರುವಾಯ. ಮನೋರಮೆಯ ಚೆಲುವಾದ ಮಾತುಗಳನ್ನು ಓದಿ ನಗುವವರು, ಆ ನಗೆಯನ್ನು ಹುಟ್ಟಿಸಿದವನು ಅದರಿಂದ ಹೆಸರನ್ನಾಗಲಿ ಹಣವನ್ನಾಗಲಿ ಗಳಿಸದೆ ಹೋದನೆಂಬುದನ್ನೂ ಒಮ್ಮೆ ನೆನೆಯತಕ್ಕದ್ದು.

ಮೂರನೆಯ ಬಾಗಿಲನ್ನು ತಟ್ಟಿದವರು ಗಳಗನಾಥರು. ಮುದ್ದಣನಿಗಿಂತ ಒಂದು ವರ್ಷ ಮೊದಲು, ೧೮೬೯ರಲ್ಲಿ, ಹಾವೇರಿಯ ಸೀಮೆಯ ಗಳಗನಾಥದಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರೂ ವೃತ್ತಿಯಿಂದ ಶಿಕ್ಷಕರೇ. ಅವರ ಪ್ರಬುದ್ಧ ಪದ್ಮನಯನೆಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನವು ಬಂದಿತು. ವಿಜಯನಗರದ ಸ್ಥಾಪನೆಯನ್ನು ವಿಷಯವಾಗಿ ಮಾಡಿಕೊಂಡ ಮಾಧವ ಕರುಣಾವಿಲಾಸವು ಮನೆಮಾತಾಯಿತು. ಅಗಡಿಯಿಂದ ೧೯೦೭ರಲ್ಲಿ ಹೊರಟ ಸದ್ಬೋಧಚಂದ್ರಿಕೆಯು ಹಳ್ಳಿಹಳ್ಳಿಗೆ ಹೋಯಿತು. ಆ ಸೀಮೆಯ ಅಕ್ಷರಸ್ಥರ ಮನೆಗಳಲ್ಲಿ ಅಂದು ಮರಾಠಿಯದೇ ಓದು. ಕನ್ನಡ ಪುಸ್ತಕಕ್ಕೆ ಅಂಗಡಿಯೂ ಇಲ್ಲ, ಗಿರಾಕಿಯೂ ಇಲ್ಲ. ಆದುದರಿಂದ ಗ್ರಂಥಕರ್ತರೇ ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಬಳೆಗಾರನ ಮಗನು ಮಲಾರವನ್ನಿಳಿಸಿ ಅರಮನೆಯನ್ನು ಸೇರಿದನು. ಕುಲಕರ್ಣಿಗಳ ಮಗನು ಹೊರೆಯನ್ನು ಹೊತ್ತು ಬೀದಿಗಿಳಿದರು. ೧೯೪೨ರಲ್ಲಿ ಅವರು ತೀರಿಕೊಂಡಾಗ ಉಳಿದುದು ಆಸ್ತಿಯಲ್ಲ, ಕನ್ನಡವನ್ನು ಓದಲು ಕಲಿತ ಸಾವಿರಾರು ಮನೆಗಳು. ಅತ್ತಿಮಬ್ಬೆಯು ಸಂಪತ್ತಿನಿಂದ ಮಾಡಿದ ಕೆಲಸವನ್ನು ಅವರು ಕಾಲ್ನಡಿಗೆಯಿಂದ ಮಾಡಿದರು.

ಅವರು ತುಳಿದ ದಾರಿಯಲ್ಲಿ ಮುಂದಿನವರಿಗೆ ನಡೆಯುವುದು ಕೊಂಚ ಸುಲಭವಾಯಿತು. ೧೯೩೩ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ನಡೆಯಿತು. ಅರಸನೊಬ್ಬನು ಊರನ್ನು ಕೊಡುವುದರ ಬದಲಾಗಿ ಗೃಹಸ್ಥರು ಒಬ್ಬೊಬ್ಬರೂ ಕೆಲವು ರೂಪಾಯಿಗಳನ್ನು ಕೊಟ್ಟರು. ೧೯೬೦ರ ದಶಕದಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕಗಳು ಬೆಳಕು ಕಂಡುದು ಈ ಮಾಲೆಯಲ್ಲಿಯೇ. ಅ.ನ. ಕೃಷ್ಣರಾಯರು (೧೯೦೮–೧೯೭೧) ಬರೆಹವನ್ನೇ ಜೀವನೋಪಾಯವಾಗಿ ಮಾಡಿಕೊಂಡು ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವಸರದ ಬರೆಹವೆಂದು ವಿಮರ್ಶಕರು ದೂರಿದುದುಂಟು. ಓದುಗನೂ ಒಡೆಯನೇ, ಅರಸನಿಗೆ ಹೊಗಳಿಕೆ ಬೇಕಾದರೆ ಅವನಿಗೆ ತಿಂಗಳು ತಿಂಗಳೂ ಹೊಸತು ಬೇಕು. ಆದರೂ ಈ ಒಡೆತನದಲ್ಲಿ ಒಂದು ಗುಣವುಂಟು. ಒಡೆಯನು ಒಬ್ಬನಲ್ಲದುದರಿಂದ ಲೇಖಕನು ಯಾವನೊಬ್ಬನಿಗೂ ತಲೆಬಾಗಬೇಕಾಗಿಲ್ಲ. ಒಬ್ಬನು ಮುನಿದರೆ ಮತ್ತೊಬ್ಬನು ಮೆಚ್ಚಿಯಾನು.

ಅನ್ನದ ಋಣವಿಲ್ಲದ ಕಾವ್ಯವು ಎಂದೂ ಇರಲಿಲ್ಲ. ಆ ಋಣವು ಯಾರದೆಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಇಂದು ಕೊಡತಕ್ಕವನು ಅರಿಕೇಸರಿಯೂ ಅಲ್ಲ, ಸತ್ಯಾಶ್ರಯನೂ ಅಲ್ಲ, ಸಾಧಾರಣನಾದ ಗೃಹಸ್ಥನು. ಅಗ್ರಹಾರವನ್ನು ಕೊಡುವ ಶಕ್ತಿ ಅವನಿಗಿಲ್ಲ, ಅದು ಬೇಕಾಗಿಯೂ ಇಲ್ಲ. ಎರವಲು ತಂದು ಓದಿದ ಪುಸ್ತಕವನ್ನು ಮೆಚ್ಚಿದ ಬಳಿಕ, ತನ್ನದೊಂದು ಪ್ರತಿಯನ್ನು ಕೊಂಡು ಮನೆಯಲ್ಲಿಡುವಷ್ಟು ಔದಾರ್ಯವು ಅವನಲ್ಲಿದ್ದರೆ ಸಾಕು. ಹಾಗೆ ಸಾವಿರ ಮನೆಗಳು ಕೂಡಿದರೆ ಅತ್ತಿಮಬ್ಬೆಯ ಸಾವಿರ ಪ್ರತಿಗಳು ಮತ್ತೆ ಸಿದ್ಧವಾದಂತೆ. ಮುಂದಿನ ಮುದ್ದಣನು ತನ್ನ ಹೆಸರನ್ನು ಮರೆಮಾಚಬೇಕಾಗಿ ಬಾರದು.